ಕಿಟಕಿ ಪಕ್ಕ ಓಡುತ್ತಿದ್ದ ರೈಲು: ನ್ಯೂಯಾರ್ಕ್ ಕೆಡವಿದ 'ಎಲ್', ಉಳಿದ ನೆನಪು



ಒಂದು ಚಿತ್ರ ಕಣ್ಮುಂದೆ ತಂದುಕೊಳ್ಳಿ. ನಿಮ್ಮ ಮನೆ ಮೊದಲ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಎದುರಿಗೆ ಮರ ಇಲ್ಲ, ಆಕಾಶ ಇಲ್ಲ, ಕಬ್ಬಿಣದ ತೊಲೆಗಳ ಮೇಲೆ ರೈಲು ಹಳಿ ಇದೆ. ಕೆಲವೇ ನಿಮಿಷಕ್ಕೊಂದು ರೈಲು ಬರುತ್ತೆ. ಬಂದಾಗ ಗೋಡೆ ಮೇಲಿನ ಕ್ಯಾಲೆಂಡರ್ ಅಲುಗಾಡುತ್ತೆ, ಅಡುಗೆಮನೆಯ ಪಾತ್ರೆಗಳು ಸದ್ದು ಮಾಡುತ್ತವೆ, ರೈಲಿನಲ್ಲಿ ಕೂತವರು ನಿಮ್ಮ ಊಟದ ತಟ್ಟೆಯಲ್ಲಿ ಏನಿದೆ ಅಂತ ನೋಡಿಕೊಂಡೇ ಹೋಗ್ತಾರೆ. ಇಂಥ ರೈಲನ್ನು ಯಾರಾದರೂ ಇಷ್ಟಪಡ್ತಾರಾ?

ನ್ಯೂಯಾರ್ಕಿನ ಜನ ಇಷ್ಟಪಟ್ಟರು. ಆದರೆ ಅದು ಹೋದ ಮೇಲೆ. ಇದ್ದಷ್ಟು ಕಾಲ ಕೆಡವಿ ಅಂತ ಒತ್ತಾಯಿಸಿದರು, ಕೋರ್ಟಿಗೆ ಹೋದರು, ಪತ್ರಿಕೆಗೆ ಬರೆದರು. ಕೆಡವಿದ ಮೇಲೆ ಅದೇ ನಗರದಲ್ಲಿ ಆ ರೈಲಿನ ಬಗ್ಗೆ ಚಿತ್ರಗಳು, ಸಿನಿಮಾಗಳು, ಫೋಟೊ ಪುಸ್ತಕಗಳು, ಅಜ್ಜ ಅಜ್ಜಿಯರ ಕಥೆಗಳು ಬೆಳೆದವು. ಈ ನೆನಪಿನಲ್ಲಿ ನಿಜ ಎಷ್ಟು, ಬರೀ ಹಳೆಯದರ ಮೋಹ ಎಷ್ಟು? ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಹೆಸರು. ಎಲಿವೇಟೆಡ್ ಅನ್ನೋದರ ಚಿಕ್ಕ ರೂಪ 'ಎಲ್'. ರಸ್ತೆಯ ಮೇಲೆ ಕಂಬ ನಿಲ್ಲಿಸಿ, ಕಂಬದ ಮೇಲೆ ಹಳಿ ಹಾಸಿ ಓಡಿಸುವ ರೈಲು. ಇವತ್ತು ನಮಗೆ ಇದರಲ್ಲಿ ಹೊಸದೇನೂ ಕಾಣಲ್ಲ. ಆದರೆ ಮ್ಯಾನ್‌ಹಟನ್‌ನ ಗ್ರೀನಿಚ್ ಬೀದಿಯಲ್ಲಿ ಚಾರ್ಲ್ಸ್ ಹಾರ್ವಿ ಎಂಬಾತ ಒಂಟಿ ಕಂಬಗಳ ಸಾಲಿನ ಮೇಲೆ ಇದರ ಪ್ರಯೋಗ ಮಾಡಿ ತೋರಿಸಿದ್ದು 1868ರ ಹೊತ್ತಿಗೆ. ಆಗ ರೈಲನ್ನು ಎಳೆಯುತ್ತಿದ್ದುದು ಹಗ್ಗ. ಒಂದೇ ಕಡೆ ನಿಂತ ಉಗಿ ಯಂತ್ರಗಳು ಉದ್ದದ ಕೇಬಲ್ ಸುತ್ತಿಸುತ್ತಿದ್ದವು, ಡಬ್ಬಿ ಆ ಕೇಬಲ್ ಹಿಡಿದು ಮುಂದೆ ಸಾಗುತ್ತಿತ್ತು. ಅದು ಹೆಚ್ಚು ದಿನ ನಡೆಯಲಿಲ್ಲ. ಕೇಬಲ್ ಹೋಗಿ ಪುಟ್ಟ ಉಗಿ ಇಂಜಿನ್‌ಗಳು ಬಂದವು.

ಇಲ್ಲಿ ಒಬ್ಬ ಡಾಕ್ಟರ್ ಕಥೆ ಹೇಳಲೇಬೇಕು. ರೂಫಸ್ ಗಿಲ್ಬರ್ಟ್ ಅಂತ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದ ಶಸ್ತ್ರವೈದ್ಯನಾಗಿದ್ದವರು. ಬಡವರ ಕಾಯಿಲೆಗೆ ದೊಡ್ಡ ಕಾರಣ ಕಿಕ್ಕಿರಿದ, ಗಾಳಿ ಬೆಳಕಿಲ್ಲದ ವಠಾರಗಳು ಅನ್ನೋದು ಅವರ ನಂಬಿಕೆ. ವೇಗದ, ಅಗ್ಗದ ರೈಲು ಇದ್ದರೆ ಜನ ಊರ ಹೊರಗಿನ ಒಳ್ಳೇ ಗಾಳಿಯಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆ ಬಂದು ಹೋಗಬಹುದಲ್ಲ! ಅವರ ಯೋಜನೆಯಲ್ಲಿ ಹೊಗೆಯೇ ಇರಲಿಲ್ಲ. ಬೀದಿಯ ಮೇಲೆ ಅಲಂಕಾರದ ಕಮಾನುಗಳು, ಕಮಾನಿನ ಮೇಲೆ ದೊಡ್ಡ ಕೊಳವೆಗಳು, ಕೊಳವೆಯೊಳಗೆ ಗಾಳಿಯ ಒತ್ತಡದಿಂದ ಓಡುವ ಡಬ್ಬಿಗಳು. ಅಷ್ಟರಲ್ಲಿ 1873ರ ಆರ್ಥಿಕ ಕುಸಿತ ಬಂತು, ಹಣ ಹುಟ್ಟಲಿಲ್ಲ. ಕೊನೆಗೆ 1878ರ ಜೂನ್‌ನಲ್ಲಿ ಸಿಕ್ಸ್ತ್ ಅವೆನ್ಯೂ ಮೇಲೆ ಗಿಲ್ಬರ್ಟ್ ಹೆಸರಿನ ಕಂಪನಿ ಓಡಿಸಿದ್ದು ಮಾಮೂಲಿ ಉಗಿ ರೈಲು. ಜನರಿಗೆ ಶುದ್ಧ ಗಾಳಿ ಕೊಡಿಸಬೇಕು ಅಂತ ಹೊರಟ ಡಾಕ್ಟರ್ ಹೆಸರಲ್ಲಿ ಜನರ ಕಿಟಕಿಗೆ ಮಸಿ ಬಂತು. ಸ್ವಲ್ಪ ಸಮಯಕ್ಕೇ ಕಂಪನಿಯವರು ಅವರನ್ನೂ ಹೊರಗೆ ಹಾಕಿದರು.

1880ರ ಹೊತ್ತಿಗೆ ಮ್ಯಾನ್‌ಹಟನ್‌ನಲ್ಲಿ ನಾಲ್ಕು ಎಲ್ ಮಾರ್ಗಗಳಿದ್ದವು. ಸೆಕೆಂಡ್, ಥರ್ಡ್, ಸಿಕ್ಸ್ತ್ ಮತ್ತು ನೈನ್ತ್ ಅವೆನ್ಯೂ. ಅವೆನ್ಯೂ ಅಂದರೆ ದ್ವೀಪದ ಉದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆ. ಮೊದಲು ಟಿಕೆಟ್ 10 ಸೆಂಟ್ ಇತ್ತು, ಕೆಲಸಕ್ಕೆ ಹೋಗಿಬರುವ ಹೊತ್ತಲ್ಲಿ ಮಾತ್ರ 5 ಸೆಂಟ್. 1886ರಿಂದ ದಿನವಿಡೀ 5 ಸೆಂಟ್. ಆ ಐದು ಸೆಂಟ್ ನಾಣ್ಯ ನಗರವನ್ನೇ ಹಿಗ್ಗಿಸಿತು. ದ್ವೀಪದ ದಕ್ಷಿಣದ ತುದಿಯಲ್ಲಿ ಒತ್ತಿಕೊಂಡಿದ್ದ ಜನ ಹಾರ್ಲೆಮ್‌ಗೆ, ಅಪ್ಪರ್ ವೆಸ್ಟ್ ಸೈಡ್‌ಗೆ, ನದಿ ದಾಟಿ ಬ್ರಾಂಕ್ಸ್‌ಗೆ ಹೋಗಿ ಮನೆ ಮಾಡಿದರು. ಅಂದ್ರೆ ಗಿಲ್ಬರ್ಟ್ ಡಾಕ್ಟರ ಕನಸು ಅರ್ಧ ನಿಜವಾಯಿತು ಅನ್ನಿ, ದಾರಿಯುದ್ದಕ್ಕೂ ಇದ್ದವರ ಖರ್ಚಿನಲ್ಲಿ.

ಆ ಖರ್ಚು ಏನು ಅಂತ ನೋಡಿ. ಇವತ್ತಿನ ಮೆಟ್ರೊ ಹಾಗೆ ಅಡಿಗೆ ಕಾಂಕ್ರೀಟ್ ಹಾಸು ಇರಲಿಲ್ಲ. ಉಕ್ಕಿನ ತೊಲೆ, ಅದರ ಮೇಲೆ ಮರದ ಸ್ಲೀಪರ್, ಅದರ ಮೇಲೆ ಹಳಿ, ಅಷ್ಟೇ. ಸ್ಲೀಪರ್‌ಗಳ ನಡುವೆ ಸಂದು ತೆರೆದೇ ಇತ್ತು. ಆ ಸಂದಿನಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ರಸ್ತೆಗೆ ಬೀಳುತ್ತಿತ್ತು. ಫೋಟೊಗಳಲ್ಲಿ ಬಲು ಚಂದ ಕಾಣುವುದು ಇದೇ. ಅದೇ ಸಂದಿನಿಂದ ಎಣ್ಣೆ, ಬೂದಿ, ಕೆಂಡದ ಚೂರು ಕೂಡ ಕೆಳಗೆ ನಡೆಯುವವರ ಟೋಪಿ ಮೇಲೆ ಬೀಳುತ್ತಿತ್ತು. ಕುದುರೆಗಳು ಬೆದರುತ್ತಿದ್ದವು. ಫೋಟೊದಲ್ಲಿ ಇದ್ಯಾವುದೂ ಬರಲ್ಲ. 1902–03ರಲ್ಲಿ ವಿದ್ಯುತ್ ಬಂದ ಮೇಲೆ ಹೊಗೆ, ಕೆಂಡ ನಿಂತವು, ಸದ್ದು ನಿಲ್ಲಲಿಲ್ಲ.

ಜನ ಸುಮ್ಮನಿದ್ದರಾ ಅಂದ್ರೆ, ಇಲ್ಲ. ಸ್ಟೋರಿ ಅನ್ನುವ ಒಬ್ಬ ಕಟ್ಟಡದ ಮಾಲೀಕರು ಕೋರ್ಟಿಗೆ ಹೋದರು. 1882ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ರಸ್ತೆ ಸಾರ್ವಜನಿಕರದ್ದೇ ಇರಬಹುದು, ಆದರೆ ರಸ್ತೆಗೆ ಮುಖ ಮಾಡಿದ ಕಟ್ಟಡದವನಿಗೆ ಆ ಕಡೆಯಿಂದ ಬರುವ ಬೆಳಕು, ಗಾಳಿ ಮತ್ತು ಓಡಾಡುವ ದಾರಿಯ ಮೇಲೆ ಹಕ್ಕಿದೆ. ಅದನ್ನು ಕಿತ್ತುಕೊಂಡರೆ ರೈಲು ಕಂಪನಿ ಪರಿಹಾರ ಕೊಡಬೇಕು ಅಂತ. ಈ ತೀರ್ಪಿನ ನಂತರ ದಾವೆಗಳ ಸಾಲೇ ಬಂತು. ಗಮನಿಸಬೇಕಾದ್ದು ಏನಂದ್ರೆ, ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಆ ಕತ್ತಲಲ್ಲಿ ಬದುಕುತ್ತಿದ್ದವರು ಬಾಡಿಗೆದಾರರು. ಅವರಿಗೆ ಸಿಕ್ಕ ಲಾಭ ಒಂದೇ, ಬಾಡಿಗೆ ಕಡಿಮೆ ಇತ್ತು. (ನಮ್ಮ ಬೆಂಗಳೂರಲ್ಲಿ ಮೆಟ್ರೊ ಬರುವಾಗ ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಪ್ರತಿಭಟನೆ ಮಾಡಿದ್ದು ಕೆಲವರಿಗೆ ನೆನಪಿರಬಹುದು. ಭಯ ಒಂದೇ ಜಾತಿಯದ್ದು, ನಡುವೆ ನೂರಿಪ್ಪತ್ತು ವರ್ಷ ಅಂತರ.)

ಅಪಾಯವೂ ಇತ್ತು. 1905ರ ಸೆಪ್ಟೆಂಬರ್ 11ರ ಬೆಳಗ್ಗೆ ನೈನ್ತ್ ಅವೆನ್ಯೂ ಮಾರ್ಗದ ರೈಲೊಂದು 53ನೇ ಬೀದಿಯ ಹತ್ತಿರ ನೇರ ಹೋಗಬೇಕಾದದ್ದು, ಸಿಕ್ಸ್ತ್ ಅವೆನ್ಯೂ ಕಡೆ ತಿರುಗುವ ಹಳಿಗೆ ಹೊರಳಿತು. ತಿರುವು ಬಿರುಸು, ರೈಲಿನ ವೇಗ ಜಾಸ್ತಿ. ಒಂದು ಡಬ್ಬಿ ಮೇಲಿಂದ ರಸ್ತೆಗೆ ಬಿತ್ತು. 13 ಜನ ಸತ್ತರು. ಅದೇ ಮಾರ್ಗದಲ್ಲಿ 110ನೇ ಬೀದಿಯ ಹತ್ತಿರ ಬಲು ಎತ್ತರದಲ್ಲಿ ಹಾವಿನಂತೆ ಬಳುಕುವ ಇನ್ನೊಂದು ತಿರುವಿತ್ತು. ಜನ ಅದನ್ನು ಆತ್ಮಹತ್ಯೆಯ ತಿರುವು ಅಂತಲೇ ಕರೆಯುತ್ತಿದ್ದರು.

ಸರಿ, ಇಷ್ಟೆಲ್ಲ ಇದ್ದರೂ ಪ್ರೀತಿ ಯಾಕೆ?

ಕಾರಣ ಮೇಲೆ ಕೂತವರ ಕಿಟಕಿಯಲ್ಲಿದೆ. ವಿಲಿಯಂ ಡೀನ್ ಹಾವೆಲ್ಸ್ ಅಂತ ಆ ಕಾಲದ ದೊಡ್ಡ ಕಾದಂಬರಿಕಾರರು. 1890ರ ಅವರ 'ಎ ಹಜಾರ್ಡ್ ಆಫ್ ನ್ಯೂ ಫಾರ್ಚೂನ್ಸ್' ಕಾದಂಬರಿಯಲ್ಲಿ ಬಾಸ್ಟನ್‌ನಿಂದ ಬಂದ ಗಂಡ ಹೆಂಡತಿ ರಾತ್ರಿ ಎಲ್ ರೈಲು ಹತ್ತುತ್ತಾರೆ. ಒಂದೊಂದು ಕಿಟಕಿಯಲ್ಲೂ ಒಂದೊಂದು ಸಂಸಾರ ಕ್ಷಣಕಾಲ ಕಂಡು ಮಾಯವಾಗುತ್ತೆ. ದೀಪದ ಪಕ್ಕ ಹೊಲಿಗೆ, ತೊಟ್ಟಿಲಿನ ಮಗು. ಗಂಡನಿಗೆ ಇದು ನಾಟಕ ನೋಡೋದಕ್ಕಿಂತ ಮೇಲು ಅನ್ನಿಸುತ್ತೆ. ಐದು ಸೆಂಟಿಗೆ ಇಡೀ ನಗರದ ನಾಟಕ! ಕಾದಂಬರಿಕಾರರು ಈ ಖುಷಿಯಲ್ಲಿ ಇರುವ ಮುಜುಗರವನ್ನೂ ಬಿಟ್ಟಿಲ್ಲ ಅನ್ನೋದು ನನ್ನ ಓದು. ನೋಡುವವರು ಉಳ್ಳವರು, ನೋಡಿಸಿಕೊಳ್ಳುವವರು ಪರದೆ ಹಾಕಿಕೊಂಡರೆ ಉಸಿರುಗಟ್ಟುವ ಮನೆಯವರು.

ಐವತ್ತು ವರ್ಷದ ನಂತರವೂ ಇದೇ ಕಿಟಕಿ ಕೆಲಸ ಮಾಡಿದೆ. ಎಡ್ವರ್ಡ್ ಹಾಪರ್ ಎಂಬ ಚಿತ್ರಕಾರರ 'ಆಫೀಸ್ ಅಟ್ ನೈಟ್' ಚಿತ್ರ ನೀವು ನೋಡಿರಬಹುದು, 1940ರದ್ದು. ಮೇಜಿನ ಮುಂದೆ ಒಬ್ಬ ಗಂಡಸು, ಫೈಲು ಬೀರುವಿನ ಹತ್ತಿರ ಒಬ್ಬ ಹೆಂಗಸು, ಆಫೀಸಿನ ಹಳದಿ ಬೆಳಕು. ನಾವು ಆ ಕೋಣೆಯನ್ನು ಸ್ವಲ್ಪ ಮೇಲಿಂದ, ಹೊರಗಿಂದ ಇಣುಕಿ ನೋಡಿದಂತಿದೆ. ರಾತ್ರಿ ಎಲ್ ರೈಲಿನಲ್ಲಿ ಹೋಗುವಾಗ ಕ್ಷಣಮಾತ್ರ ಕಂಡ ಆಫೀಸುಗಳಿಂದ ಈ ಚಿತ್ರದ ಯೋಚನೆ ಬಂದಿರಬೇಕು ಅಂತ ಹಾಪರ್ ಅವರೇ ಹೇಳಿದ್ದಾರೆ. ಜಾನ್ ಸ್ಲೋನ್ ಎಂಬ ಇನ್ನೊಬ್ಬ ಚಿತ್ರಕಾರರು ಕೆಳಗಿಂದ ನೋಡಿದವರು. 1912ರ ಅವರ ಚಿತ್ರವೊಂದರಲ್ಲಿ ಚಳಿಗಾಲದ ಸಂಜೆ ಆರು ಗಂಟೆ, ಮೇಲೆ ಬೆಳಗುತ್ತ ನಿಂತ ರೈಲು, ಕೆಳಗೆ ಕೆಲಸ ಬಿಟ್ಟು ಮನೆಗೆ ಹೊರಟ ಜನರ ನೂಕುನುಗ್ಗಲು.

ನಿಲ್ದಾಣಗಳೂ ಹಾಗೇ. ಸಿಕ್ಸ್ತ್ ಅವೆನ್ಯೂ ನಿಲ್ದಾಣಗಳ ವಿನ್ಯಾಸ ಮಾಡಿದವರು ಇಂಜಿನಿಯರ್ ಅಲ್ಲ, ಜಾಸ್ಪರ್ ಕ್ರಾಪ್ಸಿ ಅನ್ನುವ ಹೆಸರಾಂತ ನಿಸರ್ಗ ಚಿತ್ರಕಾರರು. ಬೆಟ್ಟದೂರಿನ ಬಂಗಲೆ ತಂದು ಕಂಬದ ಮೇಲೆ ಇಟ್ಟಂತೆ ಕಾಣುತ್ತಿದ್ದವು. ಬಣ್ಣದ ಗಾಜಿನ ಕಿಟಕಿ, ಮರದ ಬೆಂಚು, ಕಾಯುವ ಕೋಣೆಯ ನಡುವೆ ಹೊಟ್ಟೆ ದಪ್ಪನೆಯ ಕಲ್ಲಿದ್ದಲ ಒಲೆ. ಹಿಮ ಬೀಳುವ ಊರಲ್ಲಿ ಆ ಒಲೆಯ ಸುತ್ತ ಕೈ ಕಾಯಿಸಿಕೊಂಡು ನಿಂತ ನೆನಪನ್ನು ಯಾರು ತಾನೇ ಮರೀತಾರೆ ಹೇಳಿ. ಥರ್ಡ್ ಅವೆನ್ಯೂ ಎಲ್‌ನ ಕೆಲವು ನಿಲ್ದಾಣಗಳಲ್ಲಿ ಈ ಒಲೆಗಳು 1950ರ ದಶಕದವರೆಗೂ ಇದ್ದವು.

ಇನ್ನು ಕೆಡವಿದ ಕಥೆಗೆ ಬರೋಣ.

ನೆಲದಡಿಯ ಸಬ್‌ವೇ 1904ರಲ್ಲೇ ಶುರುವಾಗಿತ್ತು. ಅದರ ಜಾಲ ಬೆಳೆದಂತೆ ಎಲ್ ಹಳೇ ಕಾಲದ ವಸ್ತುವಾಯಿತು. ಅವೆನ್ಯೂಗಳ ಆಸ್ತಿ ಮಾಲೀಕರಿಗೆ ಬೆಲೆ ಏರಬೇಕಿತ್ತು, ನಗರಾಡಳಿತಕ್ಕೆ ಹೆಚ್ಚು ತೆರಿಗೆ ಬೇಕಿತ್ತು, ಕಾರುಗಳಿಗೆ ಕಂಬವಿಲ್ಲದ ರಸ್ತೆ ಬೇಕಿತ್ತು. ಸಿಕ್ಸ್ತ್ ಅವೆನ್ಯೂ ಎಲ್ 1938ರ ಡಿಸೆಂಬರ್ 4ರಂದು ನಿಂತಿತು, ಮುಂದಿನ ವರ್ಷ ಬಿಚ್ಚಿ ಗುಜರಿಗೆ ಹಾಕಿದರು. ನೈನ್ತ್ ಅವೆನ್ಯೂ ಎಲ್ ಬಹುಪಾಲು 1940ರ ಜೂನ್‌ನಲ್ಲಿ ಹೋಯಿತು. ಪೋಲೊ ಗ್ರೌಂಡ್ಸ್ ಬೇಸ್‌ಬಾಲ್ ಮೈದಾನದ ಹತ್ತಿರದ ಒಂದು ತುಂಡು ಮಾತ್ರ 1958ರವರೆಗೆ ಓಡಿತು. ಸೆಕೆಂಡ್ ಅವೆನ್ಯೂ ಎಲ್‌ನ ಉತ್ತರ ಭಾಗ 1940ರಲ್ಲಿ, ಉಳಿದದ್ದು 1942ರ ಜೂನ್‌ನಲ್ಲಿ.

ಸಿಕ್ಸ್ತ್ ಅವೆನ್ಯೂ ಗುಜರಿಯ ಬಗ್ಗೆ ಒಂದು ದಂತಕಥೆಯೇ ಇದೆ. ಆ ಉಕ್ಕನ್ನು ಜಪಾನಿಗೆ ಮಾರಿದರು, ಎರಡನೇ ಮಹಾಯುದ್ಧದಲ್ಲಿ ಅದೇ ಉಕ್ಕು ಗುಂಡಾಗಿ ಅಮೆರಿಕದ ಹುಡುಗರ ಮೇಲೆ ಬಿತ್ತು ಅಂತ. ನಗರಾಡಳಿತ ಇದನ್ನು ನಿರಾಕರಿಸಿತು. ಆದರೂ ಮಾತು ಸಾಯಲಿಲ್ಲ, ಕವಿ ಇ. ಇ. ಕಮಿಂಗ್ಸ್ ಅವರ ಒಂದು ಯುದ್ಧವಿರೋಧಿ ಕವಿತೆಗೂ ಸೇರಿಕೊಂಡಿತು. ನನಗನ್ನಿಸೋದು, ತಾವೇ ಕೆಡವಿ ಅಂದದ್ದು ಕಣ್ಮುಂದೆ ಕೆಡವಿ ಬಿದ್ದಾಗ ಜನರಿಗೆ ಆದ ಕಸಿವಿಸಿ ಈ ಕಥೆಯ ರೂಪದಲ್ಲಿ ಉಳೀತೇನೋ.

ಕೊನೆಗೆ ಉಳಿದದ್ದು ಥರ್ಡ್ ಅವೆನ್ಯೂ ಎಲ್. ಇವತ್ತು ಎಲ್ ಅಂದ ತಕ್ಷಣ ಕಣ್ಣಿಗೆ ಬರುವ ಚಿತ್ರಗಳಲ್ಲಿ ಬಹುಪಾಲು ಇದರದ್ದೇ. ಕೆಳಗೆ ಐರಿಷ್ ಬಾರುಗಳು, ಗಿರವಿ ಅಂಗಡಿಗಳು, ಹಳೇ ಸಾಮಾನಿನ ಅಂಗಡಿಗಳು. ದಕ್ಷಿಣಕ್ಕೆ ಹೋದರೆ ಬವರಿ ಅನ್ನುವ ಬೀದಿ, ಕುಡಿದು ಮನೆಮಠ ಕಳೆದುಕೊಂಡವರು ಕೆಲವು ಸೆಂಟು ಕೊಟ್ಟು ರಾತ್ರಿ ಕಳೆಯುತ್ತಿದ್ದ ಜಾಗ. 1945ರ 'ದಿ ಲಾಸ್ಟ್ ವೀಕೆಂಡ್' ಸಿನಿಮಾದಲ್ಲಿ ಕುಡುಕ ಲೇಖಕನೊಬ್ಬ ಟೈಪ್‌ರೈಟರ್ ಅಡವಿಡಲು ಇದೇ ಥರ್ಡ್ ಅವೆನ್ಯೂ ಉದ್ದಕ್ಕೂ ಕಾಲೆಳೆದುಕೊಂಡು ನಡೀತಾನೆ. ಯೆಹೂದ್ಯರ ಯೋಮ್ ಕಿಪ್ಪುರ್ ಹಬ್ಬ, ಗಿರವಿ ಅಂಗಡಿಗಳೆಲ್ಲ ಬಂದ್. ತಲೆ ಮೇಲೆ ಎಲ್ ಗಡಗಡ ಅನ್ನುತ್ತಿರುತ್ತೆ.

ಮುಚ್ಚುವ ಕೆಲವು ವರ್ಷ ಮೊದಲೇ ರಾತ್ರಿ ಮತ್ತು ವಾರಾಂತ್ಯದ ಓಡಾಟ ನಿಲ್ಲಿಸಿದ್ದರು. ಓಡಾಟ ಕಡಿಮೆ ಮಾಡೋದು, ಜನ ಕಡಿಮೆಯಾಗೋದು, ನೋಡಿ ಜನರೇ ಬರ್ತಿಲ್ಲ ಅಂತ ಮುಚ್ಚೋದು. ಈ ವರಸೆ ನಮಗೇನೂ ಹೊಸದಲ್ಲ, ಅಲ್ವಾ? 1955ರ ಮೇ 12ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚೈನಾಟೌನ್ ಪಕ್ಕದ ಚ್ಯಾಟಮ್ ಸ್ಕ್ವೇರ್ ನಿಲ್ದಾಣದಿಂದ ಕೊನೆಯ ರೈಲು ಹೊರಟಿತು. ಒಳಗೆ ಕಿಕ್ಕಿರಿದು ಜನ.

ಅದೇ ವರ್ಷ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಜೋಸೆಫ್ ಕಾರ್ನೆಲ್ ಅನ್ನುವ ಕಲಾವಿದರು, ಪುಟ್ಟ ಪೆಟ್ಟಿಗೆಗಳೊಳಗೆ ಹಳೇ ವಸ್ತು ಜೋಡಿಸಿ ಕಲಾಕೃತಿ ಮಾಡುತ್ತಿದ್ದವರು, ಎಲ್ ಹೋಗುತ್ತೆ ಅಂತ ಗೊತ್ತಾಗಿ ಸ್ಟ್ಯಾನ್ ಬ್ರಾಕೇಜ್ ಎಂಬ ಯುವಕನಿಗೆ ಅದನ್ನು ಚಿತ್ರೀಕರಿಸಲು ಹೇಳಿದರು. ಬ್ರಾಕೇಜ್ ಮಾಡಿದ್ದು 'ದಿ ವಂಡರ್ ರಿಂಗ್' ಅಂತ ಕೆಲವೇ ನಿಮಿಷದ ಮೂಕಿ ಚಿತ್ರ. ಅಲ್ಲಿ ಕಥೆ ಇಲ್ಲ. ಗಾಜಿನಲ್ಲಿ ಪ್ರತಿಫಲನ, ಮೆಟ್ಟಿಲ ಮೇಲೆ ನೆರಳು, ಗಾಜು ಓರೆಯಾದ ಕಡೆ ಅಲೆಯಂತೆ ಬಾಗುವ ಕಟ್ಟಡಗಳು. ಕಾರ್ನೆಲ್‌ಗೆ ತೃಪ್ತಿಯಾಗಲಿಲ್ಲವೋ ಏನೋ, ಅದೇ ದೃಶ್ಯಗಳನ್ನು ತಿರುಗುಮುರುಗು ಮಾಡಿ ಇನ್ನೊಂದು ಚಿತ್ರ ಮಾಡಿದರು, ಹೆಸರಿನ ಅಕ್ಷರಗಳನ್ನೂ ಹಿಂದುಮುಂದು ಮಾಡಿ ಇಟ್ಟರು. ಕಾರ್ಸನ್ ಡೇವಿಡ್ಸನ್ ಅವರ ಥರ್ಡ್ ಅವೆನ್ಯೂ ಎಲ್ ಕಿರುಚಿತ್ರವೂ ಅದೇ ಕಾಲದ್ದು, ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು. ಅಂದ್ರೆ ರೈಲು ಇನ್ನೂ ಓಡುತ್ತಿರುವಾಗಲೇ ಅದರ ನೆನಪು ತಯಾರಾಗುತ್ತಿತ್ತು.

ಇಲ್ಲಿವರೆಗೆ ಹೇಳಿದ್ದು ಮೋಹದ ಭಾಗ. ಇನ್ನೊಂದು ಭಾಗ ಇದೆ, ಅದು ಲೆಕ್ಕಾಚಾರದ್ದು. ಎಲ್ ಬೇಕಿತ್ತು ಅಂತ ಇವತ್ತು ಹೇಳುವವರ ಮಾತಲ್ಲಿ ಸತ್ವ ಇರೋದು ಈ ಭಾಗದಲ್ಲಿ ಅಂತ ನನ್ನ ಅಭಿಪ್ರಾಯ.

ಪಶ್ಚಿಮದ ಎರಡು ಎಲ್‌ಗಳನ್ನು ಕೆಡವಿದಾಗ ಬದಲಿ ಇತ್ತು. ನೈನ್ತ್ ಅವೆನ್ಯೂ ಪಕ್ಕದ ಎಯ್ತ್ ಅವೆನ್ಯೂ ಅಡಿಯಲ್ಲಿ 1932ರಲ್ಲೇ ಸಬ್‌ವೇ ಬಂದಿತ್ತು. ಸಿಕ್ಸ್ತ್ ಅವೆನ್ಯೂ ಅಡಿಯ ಸಬ್‌ವೇ 1940ರ ಡಿಸೆಂಬರ್‌ನಲ್ಲಿ ಶುರುವಾಯಿತು. ಪೂರ್ವದಲ್ಲಿ? ಅಲ್ಲಿ ಇದ್ದದ್ದು ಸೆಕೆಂಡ್ ಅವೆನ್ಯೂ ಸಬ್‌ವೇ ಬರುತ್ತೆ ಅನ್ನುವ ಮಾತು. 1920ರ ದಶಕದಿಂದಲೇ ಯೋಜನೆ ಕಾಗದದ ಮೇಲಿತ್ತು. ಆ ಮಾತಿನ ಮೇಲೆ 1942ರಲ್ಲಿ ಒಂದು ಎಲ್ ಹೋಯಿತು. 1951ರಲ್ಲಿ ಮತದಾರರು 50 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಈ ಹಣದಲ್ಲಿ ಸೆಕೆಂಡ್ ಅವೆನ್ಯೂ ಸಬ್‌ವೇ ಆಗುತ್ತೆ ಅಂತ ಅವರ ನಂಬಿಕೆ. ಹಣ ಹಳೇ ಮಾರ್ಗಗಳ ರಿಪೇರಿ ಮತ್ತಿತರ ಕೆಲಸಕ್ಕೆ ಹೋಯಿತು. 1955ರಲ್ಲಿ ಎರಡನೇ ಎಲ್ ಕೂಡ ಹೋಯಿತು. 1972ರಲ್ಲಿ ಗುದ್ದಲಿ ಪೂಜೆ ಆಯಿತು, ಅಂದ್ರೆ ಅವರ ರೀತಿಯಲ್ಲಿ. ಒಂದಿಷ್ಟು ಸುರಂಗ ತೋಡಿದರು. 1975ರಲ್ಲಿ ನಗರವೇ ದಿವಾಳಿ ಅಂಚಿಗೆ ಬಂದಾಗ ಕೆಲಸ ನಿಂತಿತು.

ಸೆಕೆಂಡ್ ಅವೆನ್ಯೂ ಸಬ್‌ವೇಯ ಮೊದಲ ಹಂತ ಪ್ರಯಾಣಿಕರಿಗೆ ತೆರೆದದ್ದು 2017ರ ಜನವರಿ 1ರಂದು. ಹೊಸ ನಿಲ್ದಾಣಗಳು ಮೂರು. ಖರ್ಚು ಸುಮಾರು 450 ಕೋಟಿ ಡಾಲರ್. 1942ರಿಂದ ಲೆಕ್ಕ ಹಾಕಿ, 75 ವರ್ಷ. ಬದಲಿ ರೈಲಿನ ಆಸೆಯಲ್ಲಿ ಎಲ್ ಬಿಟ್ಟುಕೊಟ್ಟ ನಡುವಯಸ್ಸಿನವರು ಅದನ್ನು ನೋಡಲೇ ಇಲ್ಲ. 1955ರ ನಂತರ ಪೂರ್ವ ಭಾಗದ ಭಾರವನ್ನೆಲ್ಲ ಹೊತ್ತದ್ದು ಲೆಕ್ಸಿಂಗ್ಟನ್ ಅವೆನ್ಯೂ ಅಡಿಯ ಒಂದೇ ಸಬ್‌ವೇ ಮಾರ್ಗ. ಹೊಸ ಮಾರ್ಗ ತೆರೆಯುವ ಹೊತ್ತಿಗೆ ಅದರಲ್ಲಿ ದಿನಕ್ಕೆ ಸುಮಾರು 13 ಲಕ್ಷ ಜನ ಓಡಾಡುತ್ತಿದ್ದರು.

ಬ್ರಾಂಕ್ಸ್‌ನವರ ಕಥೆ ಇನ್ನೂ ಕಷ್ಟ. ಥರ್ಡ್ ಅವೆನ್ಯೂ ಎಲ್‌ನ ಬ್ರಾಂಕ್ಸ್ ತುಂಡು 1955ರ ನಂತರವೂ ಉಳಿದಿತ್ತು, 1973ರ ಏಪ್ರಿಲ್‌ನಲ್ಲಿ ಅದೂ ನಿಂತಿತು. ಅಲ್ಲಿ ಬದಲಿಗೆ ಬಂದದ್ದು ಬಸ್ಸು. ನೆಲದಡಿ ರೈಲು ಇವತ್ತಿಗೂ ಇಲ್ಲ. ಮ್ಯಾನ್‌ಹಟನ್‌ನ ಥರ್ಡ್ ಅವೆನ್ಯೂ ಮೇಲಿನ ಕಂಬ ಹೋದ ಕೆಲವೇ ವರ್ಷಗಳಲ್ಲಿ ಅಲ್ಲಿ ಗಾಜಿನ ಆಫೀಸು ಗೋಪುರಗಳು, ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದವು, ಬಾಡಿಗೆ ಏರಿತು. 55ನೇ ಬೀದಿ ಮೂಲೆಯಲ್ಲಿ ಪಿ. ಜೆ. ಕ್ಲಾರ್ಕ್ಸ್ ಅನ್ನುವ ಹಳೇ ಇಟ್ಟಿಗೆಯ ಬಾರ್ ಒಂದು ಮಾತ್ರ ಗಾಜಿನ ಗೋಪುರದ ಪಕ್ಕ ಮುದುರಿಕೊಂಡು ಉಳಿದಿದೆ. ಬೆಳಕು ಬಂತು, ನಿಜ. ಕತ್ತಲೆಯಲ್ಲಿ ಅಷ್ಟು ವರ್ಷ ಕಳೆದ ಬಾಡಿಗೆದಾರರಲ್ಲಿ ಬಹಳ ಜನಕ್ಕೆ ಆ ಬೆಳಕಿನ ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ.

ಹಾಗಾದರೆ ಎಲ್ ಇರಬೇಕಿತ್ತಾ? ನಾನು ಹಾಗೆ ಹೇಳಲ್ಲ. ಮಲಗುವ ಮನೆಯ ಕಿಟಕಿ ಪಕ್ಕ ಅಂಥ ಕಬ್ಬಿಣದ ಗದ್ದಲ ಯಾರಿಗೂ ಬೇಡ. ಕೆಡವಿದ್ದು ತಪ್ಪಲ್ಲ. ಬದಲಿ ಕಟ್ಟುವ ಮೊದಲೇ ಕೆಡವಿದ್ದು ತಪ್ಪು.

ಕೆಲವರು ಕೇಳಬಹುದು, ಹೈ ಲೈನ್ ಅಂತ ಉದ್ಯಾನ ಇದೆಯಲ್ಲ, ಅದು ಹಳೇ ಎಲ್ ಅಲ್ವಾ ಅಂತ. ಅಲ್ಲ. ಅದು 1934ರಲ್ಲಿ ಶುರುವಾದ ಸರಕು ರೈಲಿನ ಮಾರ್ಗ. 1980ರಲ್ಲಿ ಕೊನೆಯ ಗಾಡಿ ಓಡಿತು, 2009ರಲ್ಲಿ ಉದ್ಯಾನವಾಗಿ ತೆರೆಯಿತು. ಪ್ರಯಾಣಿಕರ ಎಲ್‌ನ ನಾಲ್ಕೂ ಮಾರ್ಗ ಮ್ಯಾನ್‌ಹಟನ್‌ನಿಂದ ಪೂರ್ತಿ ಹೋಗಿವೆ.

ಆದರೆ ಎಲ್ ಹೇಗಿತ್ತು ಅಂತ ಕಿವಿಯಾರೆ ಕೇಳಬೇಕು ಅಂದರೆ ಮ್ಯೂಸಿಯಂಗೇ ಹೋಗಬೇಕಿಲ್ಲ. ಬ್ರೂಕ್ಲಿನ್, ಬ್ರಾಂಕ್ಸ್, ಕ್ವೀನ್ಸ್ ಭಾಗದಲ್ಲಿ ಎತ್ತರದ ಉಕ್ಕಿನ ಹಳಿಗಳು ಇನ್ನೂ ಕೆಲಸದಲ್ಲಿವೆ. ನ್ಯೂಯಾರ್ಕ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಗೊತ್ತೇ ಇರುತ್ತೆ. ಸೀರೆ, ಬೇಳೆಕಾಳು, ಸಿಹಿತಿಂಡಿ ಅಂತ 74ನೇ ಬೀದಿಗೆ ಹೋಗಿರ್ತೀರಿ. ಆ ಬೀದಿಯ ತುದಿಯಲ್ಲಿ ರೂಸ್‌ವೆಲ್ಟ್ ಅವೆನ್ಯೂ ಮೇಲೆ ಓಡುವ 7ನೇ ನಂಬರಿನ ರೈಲು 1917ರಿಂದ ಅಲ್ಲೇ ಇದೆ. ಸ್ಲೀಪರ್ ಸಂದಿನ ಬಿಸಿಲು ಪಟ್ಟೆಗಳು ಅಲ್ಲಿ ಇವತ್ತೂ ರಸ್ತೆಗೆ ಬೀಳುತ್ತವೆ. ಕೆಳಗೆ ನಿಂತು ಫೋನಲ್ಲಿ ಮಾತಾಡುವವರು ರೈಲು ಬಂದಾಗ 'ಒಂದ್ನಿಮಿಷ' ಅಂತ ಕೂಡ ಹೇಳೋದಿಲ್ಲ. ಮಾತು ಅರ್ಧಕ್ಕೆ ನಿಲ್ಲಿಸ್ತಾರೆ, ಆ ಕಡೆಯವರೂ ಕಾಯ್ತಾರೆ, ರೈಲು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸ್ತಾರೆ.